ಕಾಸರಗೋಡಿಗೆ ಒಂದು ಕೆ.ಜಿ. ಕಾಫಿ ಪುಡಿ ಕಳಿಸಲು ಜಿಎಸ್‌ಟಿ ನಂಬರ್ ಏಕೆ ಬೇಕು?

ಮಾನ್ಯ ಸಂಪಾದಕರೇ,

ಮೂಡಿಗೆರೆಯ ಮನೆಯೊಂದರಲ್ಲಿ ಹುರಿದು ಪುಡಿ ಮಾಡಿದ ಒಂದು ಕೆ.ಜಿ. ಕಾಫಿಯನ್ನು ಬೀದರ್‌ಗೆ ಕೊರಿಯರ್ ಮಾಡಬೇಕೆಂದರೆ, ವರ್ಷದ ವಹಿವಾಟು 40 ಲಕ್ಷ ರೂಪಾಯಿ ದಾಟುವ ತನಕ ಜಿಎಸ್‌ಟಿ ನೋಂದಣಿ ಬೇಕಿಲ್ಲ. ಅದೇ ಪುಡಿ ಚಾರ್ಮಾಡಿ ಘಾಟಿ ಇಳಿದು, ಮಂಗಳೂರು ದಾಟಿ ಕೇರಳದ ಕಾಸರಗೋಡಿಗೆ ಹೋಗಬೇಕೆಂದರೆ ಮೊದಲ ಪೊಟ್ಟಣಕ್ಕೇ ನೋಂದಣಿ ಬೇಕು. ಬೀದರ್ ಎಲ್ಲಿ, ಕಾಸರಗೋಡು ಎಲ್ಲಿ ಎಂದು ಮಲೆನಾಡಿನವರಿಗೆ ಹೇಳಬೇಕಿಲ್ಲ. ಕೇಂದ್ರ ಜಿಎಸ್‌ಟಿ ಕಾಯ್ದೆಯ 24ನೇ ಸೆಕ್ಷನ್ ಪ್ರಕಾರ, ತೆರಿಗೆ ಇರುವ ಸರಕನ್ನು ಹೊರರಾಜ್ಯಕ್ಕೆ ಮಾರುವವರು ವಹಿವಾಟು ಎಷ್ಟೇ ಸಣ್ಣದಿರಲಿ, ನೋಂದಣಿ ಮಾಡಿಸಲೇಬೇಕು. ಆರ್ಡರ್ ವಾಟ್ಸ್‌ಆ್ಯಪ್‌ನಲ್ಲಿ ಬಂದರೂ ಇನ್‌ಸ್ಟಾಗ್ರಾಂನಲ್ಲಿ ಬಂದರೂ ಈ ನಿಯಮ ಬದಲಾಗದು.

ಚಿಕ್ಕಮಗಳೂರು, ಕೊಪ್ಪ, ಶೃಂಗೇರಿ, ಸಕಲೇಶಪುರದ ಎಷ್ಟೋ ಮನೆಗಳಿಂದ ಕಾಫಿ ಪುಡಿ, ಕಾಳುಮೆಣಸು, ಏಲಕ್ಕಿ, ಜೇನುತುಪ್ಪ, ಉಪ್ಪಿನಕಾಯಿ ಇಂದು ಅಂಚೆ, ಕೊರಿಯರ್ ಮೂಲಕ ದೇಶದ ಎಲ್ಲೆಡೆ ಹೋಗುತ್ತಿವೆ. 2025ರ ಜುಲೈನಲ್ಲಿ ಯುಪಿಐ ಜಮಾ ಲೆಕ್ಕ ಹಿಡಿದು ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಹೋದ ಮೇಲೆ ಇವರಲ್ಲಿ ಹೆದರಿಕೆ ಹುಟ್ಟಿದೆ. ಹೆದರಿಕೆಯಿಂದ ಕೆಲವರು ಹೊರರಾಜ್ಯದ ಆರ್ಡರ್ ಬೇಡವೆನ್ನುತ್ತಾರೆ, ಕೆಲವರು ಏನೂ ಹೇಳದೆ ಕಳಿಸುತ್ತಲೇ ಇರುತ್ತಾರೆ. ಎರಡೂ ನಷ್ಟದ ದಾರಿಯೇ. ನಿಯಮ ಎಲ್ಲಿ ತಪ್ಪಿದೆ, ಅದು ಸರಿಹೋಗುವ ತನಕ ಮಾರುವವರು ಎಲ್ಲಿ ಎಚ್ಚರ ವಹಿಸಬೇಕು ಎಂಬ ಎರಡನ್ನೂ ಈ ಪತ್ರದಲ್ಲಿ ಬರೆಯುತ್ತಿದ್ದೇನೆ.

ಮೊದಲು ನಿಯಮದೊಳಗಿನ ಭೇದ ನೋಡಿ. ಚಿಕ್ಕಮಗಳೂರಿನಲ್ಲಿ ಕೂತು ದೆಹಲಿಯ ಕಂಪನಿಗೆ ಲೇಬಲ್ ವಿನ್ಯಾಸ ಮಾಡಿಕೊಡುವವರಿಗೆ 20 ಲಕ್ಷದವರೆಗೆ ನೋಂದಣಿ ಬೇಡ. ಸೇವೆಗಳಿಗೆ ಈ ವಿನಾಯಿತಿ 2017ರ ಅಕ್ಟೋಬರ್‌ನಲ್ಲೇ ಬಂತು. ಕರಕುಶಲ ವಸ್ತುಗಳಿಗೂ ಅದೇ ವರ್ಷ ವಿನಾಯಿತಿ ಸಿಕ್ಕಿತು. ಕಾಫಿ ಗಿಡದ ಬೊಡ್ಡೆಯಲ್ಲಿ ಕೈಯಿಂದ ಕೆತ್ತಿದ ಬೊಂಬೆಯನ್ನು ಪ್ಯಾನ್ ಮತ್ತು ಇ-ವೇ ಬಿಲ್ (ಸರಕು ಸಾಗಣೆಯ ಆನ್‌ಲೈನ್ ಚೀಟಿ) ಇಟ್ಟುಕೊಂಡು ನೋಂದಣಿಯಿಲ್ಲದೆ ಚೆನ್ನೈಗೆ ಮಾರಬಹುದು. ಅದೇ ಗಿಡದ ಬೀಜ ಹುರಿದು ಪುಡಿ ಮಾಡಿ ಮಾರಿದರೆ ಆಗದು. ಲೇಬಲ್ ಬರೆದವರಿಗೆ ಇರುವ ರಿಯಾಯಿತಿ ಆ ಲೇಬಲ್ ಅಂಟಿಸಿದ ಪೊಟ್ಟಣ ಮಾರುವವರಿಗೆ ಏಕಿಲ್ಲ? ಕಾಯ್ದೆಯ ಪುಟಗಳಲ್ಲಿ ಎಷ್ಟು ಹುಡುಕಿದರೂ ಇದಕ್ಕೆ ಒಪ್ಪುವಂಥ ಕಾರಣ ಸಿಗುವುದಿಲ್ಲ.

2023ರ ಅಕ್ಟೋಬರ್ 1ರಿಂದ ಒಂದು ಬಾಗಿಲು ಅರ್ಧ ತೆರೆಯಿತು. ಆನ್‌ಲೈನ್ ಮಾರುಕಟ್ಟೆ ತಾಣಗಳ ಮೂಲಕ ಮಾರುವವರು ಮಿತಿಯೊಳಗಿದ್ದರೆ ಪೂರ್ಣ ನೋಂದಣಿ ಬೇಡ. ಜಿಎಸ್‌ಟಿ ಪೋರ್ಟಲ್‌ನಲ್ಲಿ ಪ್ಯಾನ್ ಮತ್ತು ವ್ಯಾಪಾರದ ವಿಳಾಸ ಕೊಟ್ಟು ಎನ್‌ರೋಲ್‌ಮೆಂಟ್ ಸಂಖ್ಯೆ ಪಡೆದರೆ ಸಾಕು, ರಿಟರ್ನ್ (ಮಾರಾಟ, ತೆರಿಗೆಯ ಲೆಕ್ಕಪತ್ರ) ಇಲ್ಲ. ಆದರೆ ಷರತ್ತು: ಒಂದೇ ರಾಜ್ಯದೊಳಗೆ ಮಾತ್ರ ಮಾರಬೇಕು. ಕಾಂಪೋಸಿಷನ್ ಯೋಜನೆಯವರಿಗೂ (ವಹಿವಾಟಿನ ಮೇಲೆ ಸಣ್ಣ ನಿಗದಿತ ದರದ ತೆರಿಗೆ ಕಟ್ಟುವ ಸಣ್ಣ ವ್ಯಾಪಾರಿಗಳಿಗೂ) ಅಂದಿನಿಂದಲೇ ಆನ್‌ಲೈನ್ ತಾಣಗಳಲ್ಲಿ ಮಾರಲು ಅವಕಾಶ ಬಂತು. ಅಲ್ಲೂ ರಾಜ್ಯದ ಗಡಿ ದಾಟುವಂತಿಲ್ಲ. ಶೇ 1ರ ತೆರಿಗೆ ಕಟ್ಟಿ ನೆಮ್ಮದಿಯಾಗಿದ್ದ ಅಂಗಡಿಯವರು ಹೈದರಾಬಾದಿನ ಒಂದು ಆರ್ಡರಿಗೆ ಆಸೆಪಟ್ಟು ಪಾರ್ಸೆಲ್ ಕಳಿಸಿದರೆ ಆ ದಿನದಿಂದಲೇ ಕಾಂಪೋಸಿಷನ್ ಅರ್ಹತೆ ಹೋಗುತ್ತದೆ. ಏಳು ದಿನದೊಳಗೆ ಯೋಜನೆಯಿಂದ ಹೊರಬರುವ ಸಿಎಂಪಿ-04 ನಮೂನೆ ಸಲ್ಲಿಸಿ ಸಾಮಾನ್ಯ ದರಕ್ಕೆ ಬರಬೇಕು. ಇದು ಅನೇಕರಿಗೆ ಗೊತ್ತಾಗುವುದು ನೋಟಿಸ್ ಬಂದ ಮೇಲೆ.

ಯಾರಿಗೆ ನೋಂದಣಿಯೇ ಬೇಡ ಎಂಬುದನ್ನೂ ತಿಳಿಯಬೇಕು. ಹುರಿಯದ ಕಾಫಿ ಬೀಜಕ್ಕೆ ತೆರಿಗೆ ಇಲ್ಲ; ಅದನ್ನಷ್ಟೇ ಮಾರುವವರು ಹೊರರಾಜ್ಯಕ್ಕೆ ಕಳಿಸಿದರೂ ನಂಬರ್ ಬೇಕಿಲ್ಲ. ಹುರಿದ ಕ್ಷಣದಿಂದ ಶೇ 5. ಕಾಳುಮೆಣಸಿನ ಗೊಂದಲ ಬೆಳೆಗಾರರನ್ನು ಬಹಳ ದಿನ ಕಾಡಿತ್ತು. 2024ರ ಡಿಸೆಂಬರ್ 21ರಂದು ಜೈಸಲ್ಮೇರ್‌ನಲ್ಲಿ ನಡೆದ ಕೇಂದ್ರ ಮತ್ತು ರಾಜ್ಯಗಳ ಸಚಿವರಿರುವ ಜಿಎಸ್‌ಟಿ ಮಂಡಳಿಯ 55ನೇ ಸಭೆ, ಆಮೇಲೆ 2025ರ ಫೆಬ್ರುವರಿಯ ಸುತ್ತೋಲೆ ಅದನ್ನು ಬಗೆಹರಿಸಿದವು: ಸ್ವಂತ ತೋಟದ ಮೆಣಸನ್ನು ಒಣಗಿಸಿ ಮಾರುವ ಬೆಳೆಗಾರರು ನೋಂದಣಿಗೆ ಬದ್ಧರಲ್ಲ. ಆದರೆ ಪಕ್ಕದ ತೋಟದ ಮೆಣಸನ್ನೂ ಕೊಂಡು, ತಮ್ಮ ಹೆಸರಿನ ಪೊಟ್ಟಣದಲ್ಲಿ ತುಂಬಿ ಮಾರಿದರೆ ಅಷ್ಟರ ಮಟ್ಟಿಗೆ ಅವರು ವ್ಯಾಪಾರಿಗಳು. ಜೇನುತುಪ್ಪದ್ದು ಇನ್ನೊಂದು ಬಗೆ. ಬಿಡಿಯಾಗಿ ಅಳೆದು ಕೊಟ್ಟರೆ ತೆರಿಗೆ ಇಲ್ಲ, ಬಾಟಲಿಗೆ ತುಂಬಿ ಲೇಬಲ್ ಹಚ್ಚಿದರೆ 2022ರ ಜುಲೈ 18ರಿಂದ ಶೇ 5. ಆನ್‌ಲೈನ್‌ನಲ್ಲಿ ಲೇಬಲ್ ಇಲ್ಲದೆ ಮಾರುವಂತಿಲ್ಲವಾದ್ದರಿಂದ ಆನ್‌ಲೈನ್ ಜೇನು ಎಂದರೆ ತೆರಿಗೆಯ ಜೇನು ಎಂದೇ ಲೆಕ್ಕ.

ಹೋಂಸ್ಟೇ ನಡೆಸುತ್ತ ಜೊತೆಗೆ ಕಾಫಿ ಪುಡಿ ಮಾರುವವರು ನಮ್ಮ ಜಿಲ್ಲೆಯಲ್ಲಿ ಬಹಳ. 40 ಲಕ್ಷದ ಮಿತಿ ಬರೀ ಸರಕು ಮಾರುವವರಿಗೆ. ರೂಮಿನ ಬಾಡಿಗೆಯೂ ಸೇರಿದರೆ ಮಿತಿ 20 ಲಕ್ಷಕ್ಕೆ ಇಳಿಯುತ್ತದೆ, ಎರಡೂ ಆದಾಯ ಕೂಡಿಸಿ ನೋಡಬೇಕು.

ಇನ್ನು ನೋಂದಣಿ. ತೋಟದ ಮನೆಯೇ ವ್ಯಾಪಾರದ ಸ್ಥಳವಾದಾಗ ಮೆಸ್ಕಾಂ ಬಿಲ್ ಅಜ್ಜನ ಹೆಸರಿನಲ್ಲಿ, ಪಹಣಿ ಅಣ್ಣತಮ್ಮಂದಿರ ಜಂಟಿಯಲ್ಲಿ ಇರುವುದು ಮಾಮೂಲು. ಅಂಥ ಕಡೆ ಮಾಲೀಕರ ಒಪ್ಪಿಗೆ ಪತ್ರ, ಅವರ ಗುರುತಿನ ಚೀಟಿ ಮತ್ತು ಮನೆ ಅವರದೆಂದು ತೋರಿಸುವ ಒಂದು ದಾಖಲೆ ಕೊಡಬೇಕು. ಸ್ವಂತ ಜಾಗವಾದರೆ ಕಂದಾಯ ರಸೀದಿ, ಕರೆಂಟ್ ಬಿಲ್, ಖಾತಾ ನಕಲು ಇವುಗಳಲ್ಲಿ ಒಂದಿದ್ದರೆ ಸಾಕು, ಹೆಚ್ಚಿನದು ಕೇಳಬಾರದು ಎಂದು 2025ರ ಏಪ್ರಿಲ್ 17ರ ಸೂಚನೆಯಲ್ಲಿ ಕೇಂದ್ರ ಪರೋಕ್ಷ ತೆರಿಗೆ ಮತ್ತು ಸುಂಕ ಮಂಡಳಿ ಅಧಿಕಾರಿಗಳಿಗೆ ಹೇಳಿದೆ. 2025ರ ನವೆಂಬರ್ 1ರಿಂದ ಬಂದಿರುವ 14ಎ ನಿಯಮದಡಿ, ನೋಂದಾಯಿತ ಖರೀದಿದಾರರಿಗೆ ಮಾಡುವ ಮಾರಾಟದ ತೆರಿಗೆ ತಿಂಗಳಿಗೆ 2.5 ಲಕ್ಷ ಮೀರದವರಿಗೆ ಆಧಾರ್ ದೃಢೀಕರಣದ ನಂತರ ಮೂರು ಕೆಲಸದ ದಿನಗಳಲ್ಲಿ ನಂಬರ್ ಸಿಗುತ್ತದೆ. ಮನೆಯಿಂದ ಗ್ರಾಹಕರಿಗೆ ನೇರ ಮಾರುವವರೆಲ್ಲ ಈ ದಾರಿ ಹಿಡಿಯಬಹುದು.

ನಂಬರ್ ಬಂದ ಮೇಲೆ ಹೆಚ್ಚು ತಪ್ಪಾಗುವ ಜಾಗ ಬಿಲ್ಲಿನ ಒಂದು ಸಾಲು: ಸರಕು ಸೇರುವ ರಾಜ್ಯ. ಜಿಎಸ್‌ಟಿಯಲ್ಲಿ ತೆರಿಗೆ ಸೇರುವುದು ಬಳಸುವ ರಾಜ್ಯಕ್ಕೆ. 630 ರೂಪಾಯಿಗೆ ಮಾರಿದ ಕಾಫಿ ಪುಡಿಯಲ್ಲಿ 600 ಬೆಲೆ, 30 ತೆರಿಗೆ. ಹಾಸನಕ್ಕೆ ಹೋದರೆ ಆ 30 ರೂಪಾಯಿ ಸಿಜಿಎಸ್‌ಟಿ (ಕೇಂದ್ರದ ಪಾಲು) 15, ಎಸ್‌ಜಿಎಸ್‌ಟಿ (ರಾಜ್ಯದ ಪಾಲು) 15 ಎಂದು ಒಡೆಯುತ್ತದೆ. ಕೊಚ್ಚಿಗೆ ಹೋದರೆ ಪೂರ್ತಿ 30 ಐಜಿಎಸ್‌ಟಿ (ಹೊರರಾಜ್ಯದ ಮಾರಾಟದ ತೆರಿಗೆ), ಬಿಲ್ಲಿನಲ್ಲಿ ಕೇರಳ, ಕೋಡ್ 32. (ಕರ್ನಾಟಕ 29, ತಮಿಳುನಾಡು 33, ಮಹಾರಾಷ್ಟ್ರ 27, ತೆಲಂಗಾಣ 36. ಈ ಐದು ಅಂಕಿ ಪ್ಯಾಕಿಂಗ್ ಮೇಜಿನ ಮುಂದೆ ಬರೆದು ಅಂಟಿಸಿಕೊಂಡರೆ ಅರ್ಧ ತಪ್ಪು ತಪ್ಪುತ್ತದೆ.) ವಿಳಾಸ ಕೊರಿಯರ್ ಚೀಟಿಯಲ್ಲಿ ಇರುತ್ತದೆ, ಬಿಲ್ಲಿನಲ್ಲಿ ಇರುವುದಿಲ್ಲ, ಬಿಲ್ಲಿಂಗ್ ಆ್ಯಪ್ ತನ್ನಷ್ಟಕ್ಕೆ ಕರ್ನಾಟಕ ಎಂದು ಹಿಡಿದು ಸಿಜಿಎಸ್‌ಟಿ, ಎಸ್‌ಜಿಎಸ್‌ಟಿ ಹಾಕಿಬಿಡುತ್ತದೆ. 2023ರ ಅಕ್ಟೋಬರ್‌ನಿಂದ ಐಜಿಎಸ್‌ಟಿ ಕಾಯ್ದೆಯಲ್ಲೇ ಇದಕ್ಕೆ ಸ್ಪಷ್ಟ ಮಾತಿದೆ: ನೋಂದಣಿ ಇಲ್ಲದ ಖರೀದಿದಾರರಿಗೆ ಮಾರಿದಾಗ ಬಿಲ್ಲಿನಲ್ಲಿ ಬರೆದ ವಿಳಾಸದ ರಾಜ್ಯವೇ ಲೆಕ್ಕ, ರಾಜ್ಯದ ಹೆಸರೊಂದನ್ನು ಬರೆದರೂ ವಿಳಾಸ ಬರೆದಂತೆಯೇ.

ಬೆಂಗಳೂರಿನಲ್ಲಿರುವ ಅಮ್ಮ ಹಣ ಕಟ್ಟಿ ಪುಣೆಯಲ್ಲಿರುವ ಮಗನಿಗೆ ಕಾಫಿ ಪುಡಿ ಕಳಿಸಿ ಎಂದರೆ? ಹಣ ಬಂದ ಊರಿಗೆ ಬಿಲ್ ಹಾಕುವವರೇ ಹೆಚ್ಚು. 2024ರ ಜೂನ್ 26ರ ಸುತ್ತೋಲೆಯ ಪ್ರಕಾರ ಅದು ತಪ್ಪು. ಪಾರ್ಸೆಲ್ ತಲುಪುವ ರಾಜ್ಯ ಮಹಾರಾಷ್ಟ್ರ, ಆದ್ದರಿಂದ ಐಜಿಎಸ್‌ಟಿ.

ತಪ್ಪು ತಲೆಬರಹದಲ್ಲಿ ಕಟ್ಟಿದರೆ ಏನಾಗುತ್ತದೆ ಎಂಬುದನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಸಣ್ಣವರಿಗೆ ಪೆಟ್ಟು ಬೀಳುವುದೇ ಇಲ್ಲಿ. ಕೇರಳದ ಮಾರಾಟಕ್ಕೆ ಸಿಜಿಎಸ್‌ಟಿ 900, ಎಸ್‌ಜಿಎಸ್‌ಟಿ 900 ಕಟ್ಟಿದ್ದೀರಿ ಎನ್ನಿ. ಈಗ 1,800 ರೂಪಾಯಿ ಐಜಿಎಸ್‌ಟಿ ಮತ್ತೆ ಕಟ್ಟಬೇಕು. ಅದಕ್ಕೆ ಬಡ್ಡಿ ಇಲ್ಲ. ಮೊದಲು ಕಟ್ಟಿದ್ದನ್ನು ವಾಪಸ್ ಪಡೆಯಲು ಸರಿಯಾದ ತೆರಿಗೆ ಕಟ್ಟಿದ ದಿನದಿಂದ ಎರಡು ವರ್ಷದೊಳಗೆ ಆರ್‌ಎಫ್‌ಡಿ-01 ಅರ್ಜಿ ಹಾಕಬಹುದು. ಆದರೆ 1,000 ರೂಪಾಯಿಗಿಂತ ಕಡಿಮೆ ಇದ್ದರೆ ರಿಫಂಡ್ ಇಲ್ಲ, ಈ ಮಿತಿಯನ್ನು ಒಂದೊಂದು ತಲೆಬರಹಕ್ಕೂ ಬೇರೆ ಬೇರೆ ನೋಡುತ್ತಾರೆ. 900, 900 ಎರಡೂ ಬಾರದು. ದೊಡ್ಡ ಕಂಪನಿಗೆ ಇದು ಎಂದೂ ತಟ್ಟದ ನಿಯಮ. ತಿಂಗಳಿಗೆ ಐವತ್ತು ಪೊಟ್ಟಣ ಮಾರುವವರಿಗೆ ನೇರವಾಗಿ ತಟ್ಟುತ್ತದೆ. ಹಾಗಾಗಿ ರಿಟರ್ನ್ ಸಲ್ಲಿಸುವ ಮುನ್ನ ಕೊರಿಯರ್ ಚೀಟಿಗಳ ಪಿನ್‌ಕೋಡನ್ನೂ ಬಿಲ್ಲಿನ ರಾಜ್ಯವನ್ನೂ ಒಂದು ಸಲ ತಾಳೆ ನೋಡಬೇಕು. ಜಿಎಸ್‌ಟಿಆರ್-1 (ಮಾರಾಟದ ವಿವರದ ರಿಟರ್ನ್) ಹೋಗಿಬಿಟ್ಟಿದ್ದರೂ ಜಿಎಸ್‌ಟಿಆರ್-3ಬಿ (ತೆರಿಗೆ ಕಟ್ಟುವ ರಿಟರ್ನ್) ಸಲ್ಲಿಸುವ ಮೊದಲು ಜಿಎಸ್‌ಟಿಆರ್-1ಎ ನಮೂನೆಯಲ್ಲಿ ತಿದ್ದಲು 2024ರಿಂದ ಅವಕಾಶವಿದೆ.

ರಿಟರ್ನ್‌ನಲ್ಲಿ ಗ್ರಾಹಕರ ಮಾರಾಟವನ್ನು ಬಿಲ್‌ವಾರು ಬರೆಯಬೇಕಿಲ್ಲ. ಜಿಎಸ್‌ಟಿಆರ್-1ರ 7ನೇ ಕೋಷ್ಟಕದಲ್ಲಿ ರಾಜ್ಯವಾರು, ದರವಾರು ಒಟ್ಟು ಮೊತ್ತ ಸಾಕು. ಹೊರರಾಜ್ಯದ ಒಂದೇ ಬಿಲ್ 1 ಲಕ್ಷ ದಾಟಿದರೆ ಮಾತ್ರ 5ನೇ ಕೋಷ್ಟಕದಲ್ಲಿ ಪ್ರತ್ಯೇಕ ಬರೆಯಬೇಕು; ಮನೆ ವ್ಯಾಪಾರದಲ್ಲಿ ಅಂಥದ್ದು ವಿರಳ. ಆನ್‌ಲೈನ್ ತಾಣದ ಮೂಲಕ ಆದ ಮಾರಾಟವನ್ನು 14ನೇ ಕೋಷ್ಟಕದಲ್ಲೂ ತೋರಿಸಬೇಕು. ಕೊರಿಯರ್ ಖರ್ಚನ್ನು ಬಿಲ್ಲಿನಲ್ಲಿ ಬೇರೆ ಸಾಲಾಗಿ ವಸೂಲು ಮಾಡಿದರೂ ಅದು ಕಾಫಿಯ ಜೊತೆಗೇ ಹೋಗುತ್ತದೆ, ಅದಕ್ಕೂ ಶೇ 5. ಮೂರು ತಿಂಗಳ ಕಂತಿನ ಕ್ಯುಆರ್‌ಎಂಪಿ ಆಯ್ಕೆ ಮಾಡಿಕೊಂಡರೆ ವರ್ಷಕ್ಕೆ ನಾಲ್ಕು ಜಿಎಸ್‌ಟಿಆರ್-1 (ತ್ರೈಮಾಸಿಕದ ನಂತರದ 13ನೇ ತಾರೀಖು), ನಾಲ್ಕು 3ಬಿ (ಕರ್ನಾಟಕಕ್ಕೆ 22), ತ್ರೈಮಾಸಿಕದ ಮೊದಲ ಎರಡು ತಿಂಗಳಿಗೆ ಮುಂದಿನ ತಿಂಗಳ 25ರೊಳಗೆ ತೆರಿಗೆ ಕಟ್ಟುವ ಪಿಎಂಟಿ-06 ಚಲನ್. ಮಳೆಗಾಲದಲ್ಲಿ ವ್ಯಾಪಾರವೇ ಇಲ್ಲ ಎಂದು ರಿಟರ್ನ್ ಬಿಡಬಾರದು. ಶೂನ್ಯ ರಿಟರ್ನಿಗೂ ದಿನಕ್ಕೆ 20 ರೂಪಾಯಿಯಂತೆ 500ರವರೆಗೆ ಲೇಟ್ ಫೀ, ವ್ಯಾಪಾರವಿದ್ದರೆ ದಿನಕ್ಕೆ 50.

ತಾಣಗಳು ಮಾರಾಟದ ಹಣದಿಂದ ಮುಂಚೆಯೇ ಹಿಡಿದುಕೊಳ್ಳುವ ತೆರಿಗೆಯಾದ ಟಿಸಿಎಸ್ ಬಗ್ಗೆ ಒಂದು ಮಾತು. 2024ರ ಜುಲೈ 10ರಿಂದ ಅದು ಶೇ 1ರಿಂದ ಶೇ 0.5ಕ್ಕೆ ಇಳಿದಿದೆ. ವರ್ಷಕ್ಕೆ 8 ಲಕ್ಷ ಮಾರಿದರೆ 4,000 ರೂಪಾಯಿ. ಈ ಹಣ ತಾನಾಗಿ ನಿಮ್ಮ ಖಾತೆಗೆ ಬರುವುದಿಲ್ಲ. ಪೋರ್ಟಲ್‌ನ ರಿಟರ್ನ್ಸ್ ವಿಭಾಗದಲ್ಲಿ ‘ಟಿಡಿಎಸ್ ಮತ್ತು ಟಿಸಿಎಸ್ ಕ್ರೆಡಿಟ್ ರಿಸೀವ್ಡ್’ ತೆರೆದು, ಒಂದೊಂದು ಸಾಲನ್ನೂ ಒಪ್ಪಿ, ಸಲ್ಲಿಸಿದ ಮೇಲೆ ಕ್ಯಾಶ್ ಲೆಡ್ಜರ್‌ಗೆ (ತೆರಿಗೆ ಕಟ್ಟಲು ಬಳಸುವ ಪೋರ್ಟಲ್ ಖಾತೆಗೆ) ಬೀಳುತ್ತದೆ. ಇದನ್ನು ಒಮ್ಮೆಯೂ ತೆರೆಯದೆ, ಅತ್ತ ತೆರಿಗೆಯನ್ನು ಕೈಯಿಂದ ಕಟ್ಟುತ್ತಿರುವವರು ಇದ್ದಾರೆ.

ತಾಣದವರು ‘ನಿಮ್ಮ ಸರಕನ್ನು ನಮ್ಮ ಗೋದಾಮಿನಲ್ಲೇ ಇಡಿ, ಬೇಗ ತಲುಪುತ್ತದೆ’ ಎನ್ನುತ್ತಾರೆ. ಗೋದಾಮು ಕರ್ನಾಟಕದಲ್ಲಿದ್ದರೆ ನೋಂದಣಿ ತಿದ್ದುವ ಆರ್‌ಇಜಿ-14 ನಮೂನೆಯಲ್ಲಿ ಹೆಚ್ಚುವರಿ ಸ್ಥಳವೆಂದು 15 ದಿನದೊಳಗೆ ಸೇರಿಸಿದರೆ ಮುಗಿಯಿತು. ಹೊರರಾಜ್ಯದ ಗೋದಾಮಿನಲ್ಲಿ ಇಟ್ಟರೆ ಆ ರಾಜ್ಯದ ನಂಬರ್ ಬೇರೆ ಬೇಕು. ನಿಮ್ಮ ಸರಕನ್ನು ನೀವೇ ನಿಮ್ಮ ಆ ನಂಬರಿಗೆ ಕಳಿಸಿದರೂ ಕಾಯ್ದೆಯ ಕಣ್ಣಿಗೆ ಅದು ಮಾರಾಟವೇ: ತೆರಿಗೆ ಬಿಲ್, ಐಜಿಎಸ್‌ಟಿ, ಸರಕು 50,000 ದಾಟಿದರೆ ಇ-ವೇ ಬಿಲ್. ವಹಿವಾಟು ಗಟ್ಟಿಯಾಗುವ ತನಕ ಮನೆಯಿಂದಲೇ ಕಳಿಸುವುದು ಮೇಲು.

ಈಗ ಒಟ್ಟು ಲೆಕ್ಕ ನೋಡೋಣ. ವರ್ಷಕ್ಕೆ 8 ಲಕ್ಷದ ಕಾಫಿ ಪುಡಿ ಮಾರುವವರು. ಅರ್ಧ ಊರಲ್ಲಿ, ಅರ್ಧ ಹೊರರಾಜ್ಯಕ್ಕೆ. ಹೊರರಾಜ್ಯದ ನಾಲ್ಕು ಲಕ್ಷಕ್ಕೆ ತೆರಿಗೆ 20,000. ಆದರೆ ಒಮ್ಮೆ ನಂಬರ್ ಬಂದರೆ ಊರೊಳಗಿನ ನಾಲ್ಕು ಲಕ್ಷಕ್ಕೂ ತೆರಿಗೆ ಕಟ್ಟಬೇಕು, ಒಟ್ಟು 40,000. ಅದೇ ಬೀದಿಯಲ್ಲಿ 35 ಲಕ್ಷ ವಹಿವಾಟು ಮಾಡುತ್ತ ಗಡಿ ದಾಟದ ಅಂಗಡಿಗೆ ಒಂದು ರೂಪಾಯಿಯೂ ಇಲ್ಲ. ತಾಣದ ಕಮಿಷನ್ ಮತ್ತು ಕೊರಿಯರ್‌ಗೆ ಮಾರಾಟದ ಶೇ 15, ಅಂದರೆ 1.2 ಲಕ್ಷ ಖರ್ಚಾಗಿದೆ ಎಂದುಕೊಂಡರೆ ಅದರ ಮೇಲಿನ ಶೇ 18ರ ತೆರಿಗೆ, 21,600 ರೂಪಾಯಿ, ಕಟ್ಟಬೇಕಾದ ತೆರಿಗೆಯಲ್ಲಿ ಕಳೆಯಬಹುದಾದ ಕ್ರೆಡಿಟ್ ಆಗಿ ಸಿಗುತ್ತದೆ (ಕೊರಿಯರ್ ಬಿಲ್ಲಿನಲ್ಲಿ ನಿಮ್ಮ ಜಿಎಸ್‌ಟಿ ನಂಬರ್ ಬರೆಸಿದ್ದರೆ ಮಾತ್ರ). ಕೈಯಿಂದ ಕಟ್ಟುವುದು 18,400. ಪೊಟ್ಟಣ, ಬಾಕ್ಸ್‌ಗಳ ಕ್ರೆಡಿಟ್ ಕಳೆದರೆ ಇನ್ನೂ ಕಡಿಮೆ. ಈ ಮೊತ್ತಕ್ಕಾಗಿ ವರ್ಷಕ್ಕೆ ಎಂಟು ರಿಟರ್ನ್, ಎಂಟು ತಿಂಗಳ ಚಲನ್, ಆಡಿಟರ್ ಫೀ, ತಾಳೆ ನೋಡುವ ರಾತ್ರಿಗಳು. ಸರ್ಕಾರಕ್ಕೆ ಬರುವ ಹಣಕ್ಕೂ ಮನೆಯವರು ಪಡುವ ಪಾಡಿಗೂ ಹೊಂದುವುದಿಲ್ಲ.

ಬೇರೆ ದೇಶಗಳಲ್ಲೂ ಇದೇ ತೊಡಕಿದೆ. ಅಮೆರಿಕದಲ್ಲಿ 45 ರಾಜ್ಯಗಳು ತಮ್ಮ ತಮ್ಮ ಮಾರಾಟ ತೆರಿಗೆ ಹಾಕುತ್ತವೆ. 2018ರ ಜೂನ್‌ನಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್, ರಾಜ್ಯದಲ್ಲಿ ಅಂಗಡಿ ಇಲ್ಲದ ಆನ್‌ಲೈನ್ ಮಾರಾಟಗಾರರಿಂದಲೂ ತೆರಿಗೆ ವಸೂಲು ಮಾಡಬಹುದು ಎಂದಿತು. ಆದರೆ ಆ ಮೊಕದ್ದಮೆಯ ಸೌತ್ ಡಕೋಟ ರಾಜ್ಯದ ಕಾನೂನಿನಲ್ಲೇ ಒಂದು ಲಕ್ಷ ಡಾಲರ್ ಅಥವಾ 200 ಮಾರಾಟದ ಮಿತಿ ಇತ್ತು. 2023ರಲ್ಲಿ ಆ 200ರ ಲೆಕ್ಕವನ್ನೂ ಕೈಬಿಟ್ಟರು. ಐರೋಪ್ಯ ಒಕ್ಕೂಟದಲ್ಲಿ ಗಡಿ ದಾಟಿದ ಮಾರಾಟ ವರ್ಷಕ್ಕೆ 10,000 ಯೂರೊ ಒಳಗಿದ್ದರೆ ಸ್ವಂತ ದೇಶದ ತೆರಿಗೆಯೇ ಸಾಕು. ಐವತ್ತು ಕಡೆ ಐವತ್ತು ದರ ನೋಡಬೇಕಾದ ಕಷ್ಟ ನಮಗಿಲ್ಲ, ಐಜಿಎಸ್‌ಟಿ ಆ ಮಟ್ಟಿಗೆ ದೊಡ್ಡ ಅನುಕೂಲ. ಆದರೆ ಸಣ್ಣವರಿಗೆ ಅವರೆಲ್ಲ ಬಿಟ್ಟ ಜಾಗವನ್ನು ನಾವು ಸೊನ್ನೆಗೆ ಇಳಿಸಿದ್ದೇವೆ.

2025ರ ಸೆಪ್ಟೆಂಬರ್ 3ರ 56ನೇ ಸಭೆಯಲ್ಲಿ ಜಿಎಸ್‌ಟಿ ಮಂಡಳಿ, ಹಲವು ರಾಜ್ಯಗಳಲ್ಲಿ ಆನ್‌ಲೈನ್ ತಾಣಗಳ ಮೂಲಕ ಮಾರುವ ಸಣ್ಣವರಿಗೆ ಸರಳ ನೋಂದಣಿ ತರುವುದಕ್ಕೆ ತಾತ್ವಿಕ ಒಪ್ಪಿಗೆ ಕೊಟ್ಟಿತು. ಅದು ಸ್ವಾಗತಾರ್ಹ. ಆದರೆ ಅಲ್ಲಿ ಚರ್ಚೆಗೆ ಬಂದದ್ದು ಪ್ರತಿ ರಾಜ್ಯದಲ್ಲೂ ವ್ಯಾಪಾರದ ಸ್ಥಳ ತೋರಿಸಬೇಕಾದವರ ಕಷ್ಟ. ಒಂದೇ ಊರಿನಿಂದ, ಒಂದೇ ಅಡುಗೆಮನೆಯಿಂದ ಪಾರ್ಸೆಲ್ ಕಳಿಸುವವರ ಕಷ್ಟ ಬೇರೆ. ಅವರಿಗೆ ಬೇಕಾದದ್ದು ಸೇವೆಗಳಿಗೆ 2017ರಲ್ಲಿ ಹೊರಡಿಸಿದಂಥದೇ ಒಂದು ಅಧಿಸೂಚನೆ: ಹೊರರಾಜ್ಯಕ್ಕೆ ಸರಕು ಮಾರುವವರಿಗೂ ಒಟ್ಟು ವಹಿವಾಟು 20 ಲಕ್ಷ ದಾಟುವವರೆಗೆ ನೋಂದಣಿಯಿಂದ ವಿನಾಯಿತಿ.

ಮಿತಿ ತಪ್ಪಿಸಲು ಒಂದೇ ಮನೆಯವರು ನಾಲ್ಕು ಹೆಸರಿನಲ್ಲಿ ಮಾರಿಯಾರು, ಬಳಸುವ ರಾಜ್ಯದ ಪಾಲು ಖೋತಾ ಆದೀತು ಎಂಬ ಆಕ್ಷೇಪ ಬರುತ್ತದೆ. ಪ್ಯಾನ್ ಆಧಾರಿತ ಎನ್‌ರೋಲ್‌ಮೆಂಟ್ ಸಂಖ್ಯೆ 2023ರಿಂದ ಇದೆ, ತಾಣಗಳು ಪ್ರತಿ ತಿಂಗಳು ಜಿಎಸ್‌ಟಿಆರ್-8ರಲ್ಲಿ ವಿವರ ಕೊಡುತ್ತಲೇ ಇವೆ. ನಿಗಾ ಇಡಲು ಹೊಸದಾಗಿ ಏನನ್ನೂ ಕಟ್ಟಬೇಕಿಲ್ಲ. ರಾಜ್ಯಗಳು ಒಪ್ಪದಿದ್ದರೆ ಎರಡನೆಯ ದಾರಿಯೂ ಇದೆ: ಆನ್‌ಲೈನ್ ತಾಣದ ಮೂಲಕ ಬುಕ್ ಆದ ಹೋಂಸ್ಟೇ ರೂಮಿಗೆ, ಮಾಲೀಕರು ನೋಂದಣಿಯ ಮಿತಿಯೊಳಗಿದ್ದರೆ, 9(5) ಸೆಕ್ಷನ್‌ನಡಿ ತಾಣವೇ ತೆರಿಗೆ ಕಟ್ಟುತ್ತದೆ. ಆ ಮನೆಯ ಕಾಫಿ ಪುಡಿಗೂ ಅದೇ ವ್ಯವಸ್ಥೆ ಮಾಡಬಹುದು. ನನ್ನ ಒಲವು ಮೊದಲನೆಯ ದಾರಿಗೇ, ಏಕೆಂದರೆ ಎರಡನೆಯದು ವಾಟ್ಸ್‌ಆ್ಯಪ್‌ನಲ್ಲಿ ನೇರವಾಗಿ ಮಾರುವವರನ್ನು ಹೊರಗೇ ಬಿಡುತ್ತದೆ.

ಮೆಣಸಿನ ವಿಷಯದಲ್ಲಿ ಮಂಡಳಿ ಒಂದು ಸ್ಪಷ್ಟನೆ, ಒಂದು ಸುತ್ತೋಲೆಯಲ್ಲಿ ದಾರಿ ಮಾಡಿಕೊಟ್ಟಿತು. ಮಂಡಳಿಯಲ್ಲಿ ಕರ್ನಾಟಕವನ್ನು ಪ್ರತಿನಿಧಿಸುವ ಸಚಿವರು, ಚಿಕ್ಕಮಗಳೂರು ಮತ್ತು ಹಾಸನದ ಶಾಸಕರು, ಸಂಸದರು ಸರಳ ನೋಂದಣಿಯ ವಿವರ ಚರ್ಚೆಗೆ ಬರುವಾಗ ಈ 20 ಲಕ್ಷದ ಪ್ರಸ್ತಾವವನ್ನೂ ಕಾರ್ಯಸೂಚಿಗೆ ಸೇರಿಸಲಿ ಎಂದು ಕೋರುತ್ತೇನೆ.

ಇತಿ,
ತೆರಿಗೆ ಸಲಹೆಗಾರರೊಬ್ಬರು, ಚಿಕ್ಕಮಗಳೂರು